ಕರಡಿ ಎಣ್ಣೆ

ತಂಬು ಬಿಚ್ಚಿದಾಗ ಮೊದಲು ಬಂದದ್ದು ಎಣ್ಣೆಯ ವಾಸನೆ. ಇಷ್ಟು ವರ್ಷ ಅಟ್ಟದ ಮೇಲೆ ಸುತ್ತಿಟ್ಟಿದ್ದ ದಪ್ಪ ಬಟ್ಟೆ. ಬೂಷ್ಟಿನ ವಾಸನೆಯೋ ಇಲಿಯ ವಾಸನೆಯೋ ಬಂದೀತೆಂದು ನಾನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಹಗ್ಗ ಸಡಿಲಿಸಿದ್ದೆ. ಮುಂಬಯಿಯ ದಹಿಸರ್‌ನ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವವರಿದ್ದರು. ಅಪ್ಪ ಹೋಗಿ ಕೆಲವು ವರ್ಷಗಳಾಗಿದ್ದವು, ಅವ್ವ ಹೋದದ್ದು ಹಿಂದಿನ ಮಳೆಗಾಲದಲ್ಲಿ. ಮನೆ ಖಾಲಿ ಮಾಡಲು ಉಳಿದವರು ಅಕ್ಕ ಮತ್ತು ನಾನು. ಟೆರೇಸಿನ ಬಿಸಿಲಿನಲ್ಲಿ ಇಬ್ಬರೂ ಸೇರಿ ತಂಬನ್ನು ಹಾಸಿದೆವು. ಖಾಕಿ ಬಣ್ಣ ಬೂದಿಗೆ ತಿರುಗಿತ್ತು, ಮಡಿಕೆ ಬಿದ್ದಲ್ಲೆಲ್ಲ ಬಟ್ಟೆ ಸೀಳಲು ಕಾದಿತ್ತು. ಬಾಗಿಲ ಪರದೆಯ ಕೆಳಗೆ ಒಂದು ಕಡೆ ರೊಟ್ಟಿಯಗಲದ ಕಪ್ಪು ಕಲೆ. ಬಿಸಿಲು ತಾಗಿದ ಹಾಗೆ ಅಲ್ಲಿಂದ ಕಮಟಾದ, ಬಿಸಿಯಾದ ವಾಸನೆ ಎದ್ದಿತು. ಕುಸುಬಿ ಎಣ್ಣೆ. ನಾನು ಕರವಸ್ತ್ರ ಬಿಚ್ಚಿ ಕಲೆಯ ಹತ್ತಿರ ಮುಖ ಒಯ್ದೆ. "ನಾಯಿ ಹಂಗ ಯಾಕ ಮೂಸಾಕತ್ತಿಯೋ, ಆ ಬಿಲ್ಡಿಂಗಿನವರು ನೋಡಾಕತ್ತಾರ," ಎಂದು ಅಕ್ಕ ಬೈದಳು. ಬೈದು ಅವಳೂ ಬಗ್ಗಿದಳು.

ಆ ಎಣ್ಣೆಗೆ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಬೇರೆ ಹೆಸರಿತ್ತು. ವಿಜಯಪುರದ ಕಡೆಯವರಾದ ನಮಗೆ ಬಿಸಿ ರೊಟ್ಟಿಯ ಪಕ್ಕದ ಶೇಂಗಾ ಚಟ್ನಿಯ ಮೇಲೆ ಹಸಿ ಕುಸುಬಿ ಎಣ್ಣೆ ಬೀಳದಿದ್ದರೆ ಊಟ ಮುಗಿದಂತೆ ಅನ್ನಿಸುತ್ತಿರಲಿಲ್ಲ. ಆದರೆ ಮುಂಬಯಿಯ ಕಿರಾಣಿ ಅಂಗಡಿಯಲ್ಲಿ ಕುಸುಬಿ ಎಂದರೆ ಯಾರಿಗೂ ತಿಳಿಯದು. ಮರಾಠಿಯಲ್ಲಿ ಅದು ಕರಡೀ. ಮದುವೆಯಾಗಿ ಬಂದ ಹೊಸದರಲ್ಲಿ ಅವ್ವ ಕಲಿತ ಮೊದಲ ಮರಾಠಿ ಪದಗಳಲ್ಲಿ ಇದೂ ಒಂದು. ಅಂಗಡಿಯಲ್ಲಿ ಕಲಿತದ್ದು ಡಬ್ಬಿಯ ಜೊತೆ ಮನೆಗೂ ಬಂತು. "ಕರಡಿ ತೀರೈತಿ ನೋಡ್ರಿ," "ಒಗ್ಗರಣಿಗೆ ಕರಡಿ ಜಾಸ್ತಿ ಆತು," ಎಂದೆಲ್ಲ ಅವ್ವ ಸಹಜವಾಗಿ ಅನ್ನುವಳು. ಹೀಗಾಗಿ ಸಣ್ಣವನಿದ್ದಾಗ ನಾನು ಯಾವುದೋ ಗಾಣದಲ್ಲಿ ಕರಡಿಗಳನ್ನು ಹಾಕಿ ಹಿಂಡುತ್ತಾರೆಂದೇ ನಂಬಿದ್ದೆ. ಅಪ್ಪ ಆ ನಂಬಿಕೆಯನ್ನು ಬಿಡಿಸುವುದಿರಲಿ, ಅದಕ್ಕೆ ಉಪ್ಪು ಖಾರ ಹಚ್ಚುತ್ತಿದ್ದ. "ಹೂಂ ಮತ್ತ, ಕೂದಲಾ ಸೋಸೇ ಕೊಡ್ತಾರ." ಎಷ್ಟೋ ದಿನ ನಾನು ಚಟ್ನಿಯಲ್ಲಿ ಕೂದಲು ಹುಡುಕಿದ್ದೇನೆ. ಅಡುಗೆ ಮನೆಯಲ್ಲಿ ಆ ಎಣ್ಣೆ ಕಾದರೆ ಇಡೀ ಮನೆಗೆ ಗೊತ್ತಾಗುತ್ತಿತ್ತು: ಮೊದಲು ಹಸಿ ಬೀಜದ ವಾಸನೆ, ಆಮೇಲೆ ಹುರಿದ ವಾಸನೆ, ಕೊನೆಗೆ ಕಣ್ಣಿಗೆ ಸ್ವಲ್ಪ ಹತ್ತುವ ಘಾಟು. ಅಪ್ಪನ ಕೊನೆಯ ವರ್ಷಗಳಲ್ಲಂತೂ ಅವನಿಗೆ ಊಟದ ಗಂಟೆಯೇ ಅದು. ಗ್ಯಾಲರಿಯ ಕುರ್ಚಿಯಲ್ಲಿ ಕೂತಲ್ಲಿಂದಲೇ ಮುಖ ಎತ್ತಿ "ಬಂತ ನೋಡು" ಅನ್ನುವನು. ನಾವು ತಾಟು ಇಡಲು ಏಳುತ್ತಿದ್ದೆವು.

ಅಪ್ಪ ವ್ಯಾನು ಓಡಿಸುತ್ತಿದ್ದ. ಅಂಧೇರಿಯ ಸ್ಟುಡಿಯೋಗಳಿಗೆ ಶೂಟಿಂಗಿನ ಸಾಮಾನು ಸಾಗಿಸುವ ಕೆಲಸ. ಲೈಟು, ಪರದೆ, ಬಟ್ಟೆಯ ಪೆಟ್ಟಿಗೆ ಎಲ್ಲವೂ ಅವನ ವ್ಯಾನಿನಲ್ಲಿ ಹೋಗುತ್ತಿದ್ದವು. ಕೆಲವು ಸಲ ಕಾಡೇ ಹೋಗುತ್ತಿತ್ತು. ಪ್ಲಾಸ್ಟರಿನ ಬಂಡೆ, ಹಗ್ಗಕ್ಕೆ ಹಸಿರು ಬಟ್ಟೆ ಸುತ್ತಿದ ಬಳ್ಳಿ, ಒಳಗೆ ಹುಲ್ಲು ತುಂಬಿದ ಹುಲಿ. ಆ ಹುಲಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೈವೇಯಲ್ಲಿ ಬಂದದ್ದನ್ನೂ ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಅದಕ್ಕೆ ಸಲಾಮು ಹೊಡೆದದ್ದನ್ನೂ ಅಪ್ಪ ಎಷ್ಟು ಸಲ ಹೇಳಿದರೂ ನಮಗೆ ಹೊಸದಾಗಿ ಕೇಳುತ್ತಿತ್ತು. ಯಾವುದೋ ಶೂಟಿಂಗು ಅರ್ಧಕ್ಕೆ ನಿಂತಾಗ ಅವರು ಬಿಟ್ಟು ಹೋದ ತಂಬು ನಮ್ಮ ಮನೆಗೆ ಬಂದದ್ದು ಹಾಗೆ. ಅದೇ ವರ್ಷ ಅಪ್ಪನಿಗೆ ಕತ್ತಲಾದ ಮೇಲೆ ಎದುರಿನದು ಮಬ್ಬಾಗತೊಡಗಿತು. ಮೊದಲು ದೀಪ ಸರಿಯಿಲ್ಲ ಎಂದ, ಆಮೇಲೆ ಗ್ಲಾಸು ಕೊಳೆಯಾಗಿದೆ ಎಂದ. ಕೊನೆಗೆ ಡಾಕ್ಟರರು ಹೇಳಿದರು: ಕಣ್ಣಿನೊಳಗಿನ ಪರದೆ ಸುತ್ತಲಿಂದ ಒಣಗುತ್ತ ಬರುತ್ತಿದೆ, ಇದಕ್ಕೆ ಔಷಧವಿಲ್ಲ, ಗಾಡಿ ಓಡಿಸುವುದನ್ನು ಬಿಡಬೇಕು. ಮನೆಗೆ ಬಂದ ಅಪ್ಪ ವ್ಯಾನು ಮಾರುವುದಾಗಿ ಹೇಳಿದ. ಮಾರುವ ಮೊದಲು ಒಂದು ಸಲ ಎಲ್ಲರೂ ಕಾಡು ನೋಡಿ ಬರೋಣ ಎಂದ. "ಇಷ್ಟ ವರ್ಸ ಸುಳ್ಳು ಕಾಡಾ ಹೊತ್ತೀನಿ. ಒಂದರs ಖರೆ ಪ್ರಾಣಿ ಈ ಕಣ್ಣಲೆ ನೋಡ್ತೀನಿ, ಆಮ್ಯಾಲ ಕಣ್ಣು ಹೋದ್ರ ಹೋಗ್ಲಿ."

ಮೇ ತಿಂಗಳ ರಜೆಯಲ್ಲಿ ಹೊರಟೆವು. ನಾನು ಆಗ ಪ್ರಾಥಮಿಕ ಶಾಲೆಯಲ್ಲಿದ್ದೆ, ಅಕ್ಕ ಹೈಸ್ಕೂಲು ಮುಟ್ಟಿದ್ದಳು. ಅವ್ವ ಕಟಕು ರೊಟ್ಟಿಯ ಗಂಟು, ಚಟ್ನಿ ಪುಡಿ, ಒಂದು ಚೀಲ ಚುರುಮುರಿ, ಸೀಮೆಎಣ್ಣೆ ಸ್ಟೋವು, ಮತ್ತು ಅದೇ ಕರಡಿಯ ದೊಡ್ಡ ಡಬ್ಬಿಯನ್ನು ವ್ಯಾನಿಗೆ ಹೇರಿದಳು. ಅಪ್ಪನ ಯೋಜನೆಯಲ್ಲಿ ನಾಲ್ಕು ನ್ಯಾಷನಲ್ ಪಾರ್ಕುಗಳಿದ್ದವು. ಮೊದಲನೆಯದು ನಮ್ಮ ಮನೆಯ ಹಿಂದೆಯೇ ಇದ್ದ ಬೊರಿವಲಿಯದು. ಅಲ್ಲಿ ಒಂದು ಸುತ್ತು ಹಾಕಿ, ಮಕ್ಕಳ ರೈಲು, ಕಡಲೆಕಾಯಿ ಮಾರುವವರು, ಮರದ ಹಿಂದೆ ಕೂತ ಜೋಡಿಗಳನ್ನು ನೋಡಿ, "ಇವನ್ನ ಎಣಸೂದಿಲ್ಲ" ಎಂದು ಅಪ್ಪ ಗಾಡಿ ತಿರುಗಿಸಿದ. ಎರಡನೆಯದು ಚಾಂದೋಲಿ. ಘಟ್ಟದ ನೆತ್ತಿಯ ಆ ಕಾಡಿನಂಚಿನಲ್ಲಿ ಅರಣ್ಯ ಇಲಾಖೆಯವರು ತೋರಿಸಿದ ಬಯಲಿನಲ್ಲಿ ತಂಬು ಹೊಡೆದದ್ದು ನನಗೆ ನಿಚ್ಚಳವಾಗಿ ನೆನಪಿದೆ, ಯಾಕೆಂದರೆ ಅದು ನಿಲ್ಲಲಿಲ್ಲ. ಶೂಟಿಂಗಿನ ತಂಬು ಕ್ಯಾಮೆರಾಕ್ಕೆ ಕಾಣುವ ಕಡೆ ಮಾತ್ರ ಗಟ್ಟಿ, ಹಿಂದಿನಿಂದ ಅದನ್ನು ವ್ಯಾನಿಗೆ ಕಟ್ಟಬೇಕಾಯಿತು. ಬೆಳಗಿನ ಜಾವ ಬಟ್ಟೆಯ ಒಳಮೈಯಲ್ಲಿ ಇಬ್ಬನಿ ಕೂತಿತ್ತು. ಸ್ಟೋವಿನ ಮೇಲೆ ಚಹಾ ಕುದಿಯುತ್ತಿತ್ತು. ಅಪ್ಪ ತಂಬಿನ ಬಾಯಿಗೆ ಕೂತು ದೂರದ ಹುಲ್ಲುಗಾವಲನ್ನು ನೋಡುತ್ತಿದ್ದ. ನೋಡುತ್ತಿದ್ದ ಎನ್ನುವುದಕ್ಕಿಂತ, ಕಣ್ಣಿನಿಂದ ಗುಡಿಸುತ್ತಿದ್ದ ಎನ್ನಬೇಕು, ಈ ಮೂಲೆಯಿಂದ ಆ ಮೂಲೆಗೆ, ಮತ್ತೆ ಆ ಮೂಲೆಯಿಂದ ಈ ಮೂಲೆಗೆ. ನಮ್ಮ ಕಣ್ಣಿಗೆ ನವಿಲು ಸಿಕ್ಕಿತು, ಮುಸುವ ಸಿಕ್ಕಿತು, ಕಾಡೆಮ್ಮೆಯ ಸಗಣಿ ಸಿಕ್ಕಿತು. "ಸಗಣಿ ಊರಾಗೂ ಸಿಗತಿತ್ತಲ್ರಿ," ಎಂದಳು ಅವ್ವ. ಅಪ್ಪ ನಗಲಿಲ್ಲ. ನಾವು ತೋರಿಸಿದ ಜಿಂಕೆಗಳನ್ನು ಅವನ ಕಣ್ಣು ಹಿಡಿಯುವಷ್ಟರಲ್ಲಿ ಅವು ಪೊದೆ ಸೇರಿದ್ದವು.

ಮೂರನೆಯ ಕಾಡಿಗೆ, ಕಾರವಾರ ಜಿಲ್ಲೆಯ ಅಣಶಿಗೆ, ಹೋಗುವ ದಾರಿಯಲ್ಲಿ ಆದದ್ದನ್ನು ನಾನು ಮತ್ತು ಅಕ್ಕ ಇಂದಿಗೂ ಒಂದೇ ರೀತಿ ಹೇಳುತ್ತೇವೆ. ಹೊತ್ತು ಮುಳುಗುತ್ತಿತ್ತು. ಮರಗಳು ರಸ್ತೆಯ ಮೇಲೆ ಚಪ್ಪರ ಹಾಕಿದ್ದರಿಂದ ಬೆಳಕು ಊರಿಗಿಂತ ಮೊದಲೇ ಆರಿತ್ತು. ತಿರುವಿನಲ್ಲಿ ಸುಣ್ಣ ಬಳಿದ ಕಲ್ಲೊಂದು ನನಗೆ ಕಾಣಿಸಿತು, ಅಕ್ಕನಿಗೆ ಕಾಣಿಸಿತು, ಅವ್ವನಿಗೂ ಕಾಣಿಸಿತು. ಅಪ್ಪ ನೇರ ಅದರ ಮೇಲೆ ಹೋದ. ಎಡ ಬದಿಯ ತಗಡು ಕೆರೆದ ಸದ್ದು ನನ್ನ ಹಲ್ಲಿಗೆ ಇನ್ನೂ ತಾಗುತ್ತದೆ. ಕಲ್ಲಿನ ಆಚೆ ಕಣಿವೆ. ಗಾಡಿ ನಿಂತಿತು. ಆಮೇಲೆ ಅವ್ವ ಮೆಲ್ಲಗೆ ಅಂದಳು: "ಸಾಕ್ರಿ. ಹೊಳ್ಳಿ ಹೋಗೂಣು. ಹುಡುಗ್ರು ಅದಾವ ಗಾಡಿಯಾಗ." ಅಪ್ಪ ಸ್ಟಿಯರಿಂಗ್ ಬಿಡಲಿಲ್ಲ. "ಒಂದು ಪ್ರಾಣಿ ನೋಡ್ತೀನಿ ಕಸ್ತೂರಿ. ಇಲ್ಲಿ ಇಲ್ಲಂದ್ರ ಬಂಡೀಪುರದಾಗ. ನೋಡದ ಹೊಳ್ಳೂದಿಲ್ಲ." ಅಪ್ಪ ಹಟಮಾರಿಯಲ್ಲ. ಆದರೆ ಒಮ್ಮೆ ಬಾಯಿಂದ ಹೊರಬಿದ್ದ ಮಾತನ್ನು ತಾನಾಗಿ ಹಿಂದೆ ತೆಗೆದುಕೊಳ್ಳುವುದು ಅವನಿಗೆ ಬರುತ್ತಿರಲಿಲ್ಲ. ಅಲ್ಲಿಂದ ಬಂಡೀಪುರಕ್ಕೆ ಇನ್ನೂ ಘಟ್ಟಗಳಿದ್ದವು, ತಿರುವುಗಳಿದ್ದವು, ಸಂಜೆಗಳಿದ್ದವು. ಉಳಿದ ದಾರಿಯುದ್ದಕ್ಕೂ ಅವ್ವ ಮುಂದೆ ಬಾಗಿ ಕೂತು "ಎಡಕ್ಕ ತಿರುವೈತಿ, ಮುಂದ ಎತ್ತು ಅದಾವ" ಎಂದು ಹೇಳುತ್ತ ಬಂದಳು, ಊರ ಸುದ್ದಿ ಹೇಳುವ ದನಿಯಲ್ಲಿ.

ಅಣಶಿಯಲ್ಲಿ ಅರಣ್ಯ ಚೌಕಿಯ ಹಿಂದಿನ ಅಂಗಳದಲ್ಲಿ ತಂಬು ಹೊಡೆಯಲು ಜಾಗ ಕೊಟ್ಟರು. ಅಲ್ಲಿಯ ಗಾರ್ಡು, "ಹಲಸಿನ ಹಣ್ಣಿನ ಟೈಮು ಮಾರಾಯ್ರೇ, ಕರಡಿ ಬರ್ತದೆ. ಮಕ್ಕಳನ್ನ ಹತ್ತಿರ ಇಟ್ಕೊಳ್ಳಿ," ಎಂದು ಹೇಳಿ ಹೋದ. ಮರುದಿನ ಇಡೀ ಹಗಲು ಕಾದದ್ದಾಯಿತು, ಏನೂ ಬರಲಿಲ್ಲ. ಸಂಜೆಗೆ ಅವ್ವ ತಂಬಿನ ಬಾಗಿಲಲ್ಲಿ ಚುರುಮುರಿ ಕಲಸಲು ಕೂತಳು. ಅಪ್ಪ ಅವಳ ಪಕ್ಕದಲ್ಲೇ ನಿಂತು ಸಡಿಲಾದ ಹಗ್ಗವನ್ನು ಕೈಯಿಂದ ತಡವಿ ಬಿಗಿಯುತ್ತಿದ್ದ. ಆಗ ಅವ್ವ ಚೀರಿದಳು: "ಅಯ್ಯ, ಕರಡಿ." ಅಪ್ಪ ಕಲ್ಲಾದ. ಒಂದು ಕೈ ಎತ್ತಿ ನಮ್ಮೆಲ್ಲರನ್ನೂ ಸುಮ್ಮನಾಗಿಸಿದ. "ಯಾರೂ ಅಳ್ಳಾಡಬ್ಯಾಡ್ರಿ. ಎಲ್ಲೈತಿ?" ಅವ್ವ ಅಪ್ಪನ ಮುಖ ನೋಡಿದಳು. ಆಮೇಲೆ, "ಬಿದಿರ ಮೆಳಿ ಕಡೆ ನೋಡ್ರಿ," ಎಂದಳು. ನಾನೂ ನೋಡಿದೆ. ಬಿದಿರಿನ ಬುಡದಲ್ಲಿ ಕಪ್ಪನೆಯ ದೊಡ್ಡ ಮೈ, ಬೂದಿ ಬಣ್ಣದ ಮೂತಿ, ಎದೆಯ ಮೇಲೆ ಬಿಳಿಯ ಕುದುರೆಲಾಳದ ಗುರುತು. ಅಪ್ಪ ಉಸಿರು ಬಿಟ್ಟ. "ಕಂಡ್ತು," ಎಂದ. ಸ್ವಲ್ಪ ತಡೆದು, "ದೊಡ್ಡದs ಐತಿ," ಎಂದ. "ಹೌದ್ರಿ," ಎಂದಳು ಅವ್ವ, "ಹೊಂಟ್ತು ನೋಡ್ರಿ, ಹೋತು." ಅಪ್ಪ ಅಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತ. ಬಂಡೀಪುರ ಬೇಡ ಎಂದ. ನೋಡುವುದು ನೋಡಿಯಾಯಿತು, ನಾಳೆ ಮನೆಗೆ ಹೋಗೋಣ ಎಂದ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಚುರುಮುರಿ ಹಂಚಿದಳು. ಅಷ್ಟು ರುಚಿಯಾದ ಚುರುಮುರಿಯನ್ನು ನಾನು ಮತ್ತೆ ತಿಂದಿಲ್ಲ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ನಿಜ ಹೇಳಬೇಕೆಂದರೆ ಅದು ಒಣಒಣ ಇತ್ತು.

ಮರುದಿನ ಬೆಳಿಗ್ಗೆಯ ಒಂದು ಚಿತ್ರವೂ ನನ್ನಲ್ಲಿದೆ. ಚೌಕಿಯ ನಲ್ಲಿಯ ಹತ್ತಿರ ಅಪ್ಪ ಒಬ್ಬನೇ ಕುಕ್ಕರುಗಾಲಲ್ಲಿ ಕೂತು ತನ್ನ ಚಪ್ಪಲಿಗಳಿಗೆ ಕೆಂಪು ಮಣ್ಣು ಹಚ್ಚಿ ತಿಕ್ಕುತ್ತಿದ್ದಾನೆ. ತಿಕ್ಕುತ್ತಾನೆ, ಮೂಗಿನ ಹತ್ತಿರ ಹಿಡಿಯುತ್ತಾನೆ, ಮತ್ತೆ ತಿಕ್ಕುತ್ತಾನೆ. ನಾನು ಹೋಗಿ ಪಕ್ಕದಲ್ಲಿ ನಿಂತಾಗ ಮುಖ ಎತ್ತಿ ನಕ್ಕು, "ಹೊಂಡೂಣೇನು?" ಎಂದ. ಹಗಲಿನಲ್ಲಿ ಮಾತ್ರ ಗಾಡಿ ಓಡಿಸಿ ಬೆಳಗಾವಿ ತಲುಪಿದೆವು. ಅಲ್ಲಿ ಅವ್ವನ ಅಣ್ಣ, ನಮ್ಮ ಮಾವ, ಗಾಡಿ ಬಲ್ಲವರು. ಅಪ್ಪ ಯಾರೂ ಕೇಳುವ ಮೊದಲೇ ಕೀಲಿಯನ್ನು ಅವರ ಕೈಗಿಟ್ಟ. ಮುಂಬಯಿಯವರೆಗೂ ಎಡಗಡೆಯ ಸೀಟಿನಲ್ಲಿ, ಹಿಂದೊಮ್ಮೆ ಹುಲ್ಲಿನ ಹುಲಿ ಕೂತಿದ್ದ ಜಾಗದಲ್ಲಿ, ಕರಡಿ ನೋಡಿ ಬಂದ ಮನುಷ್ಯನ ಗತ್ತಿನಲ್ಲಿ ಕೂತು ಬಂದ. "ಏನ್ ಮಾವಾರ, ನೀವು ನೋಡೀರೇನು ಖರೆ ಕರಡಿ?" ಎಂದು ದಾರಿಯುದ್ದಕ್ಕೂ ಮಾವನನ್ನು ಕಾಡಿದ. ಆ ತಿಂಗಳೇ ವ್ಯಾನು ಮಾರಿಹೋಯಿತು. ಬೈಕುಲ್ಲಾದ ಪರಿಚಯದ ವ್ಯಾಪಾರಿಯೊಬ್ಬರು ಅಪ್ಪನಿಗೆ ಗೋದಾಮಿನ ಹಗಲು ಕಾವಲಿನ ಕೆಲಸ ಕೊಟ್ಟರು. ದೃಷ್ಟಿ ಪೂರ್ತಿ ಹೋಗುವವರೆಗೂ ಲೋಕಲ್ ರೈಲಿನಲ್ಲಿ ಹೋಗಿ ಬಂದ, ಆಮೇಲೆ ಗ್ಯಾಲರಿಯ ಕುರ್ಚಿಗೆ ಬಂದ.

ಕುರ್ಚಿಗೆ ಬಂದ ಮೇಲೆ ಕರಡಿ ಬೆಳೆಯಿತು. ನೋಡಲು ಬಂದವರಿಗೆಲ್ಲ ಅಪ್ಪ ಅದನ್ನು ಹೇಳುತ್ತಿದ್ದ, ಅವ್ವ ಒಳಗಿನಿಂದ ತಿದ್ದುತ್ತಿದ್ದಳು. "ಎರಡೂ ಕಾಲ ಮ್ಯಾಲ ನಿಂತಿತ್ತು," ಎಂದು ಅಪ್ಪ ಅಂದರೆ, "ಇಲ್ರಿ, ಅದು ನಿಂತಿರಲಿಲ್ಲ, ಹಲಸಿನ ತೊಳಿ ತಿಂತಿತ್ತು," ಎನ್ನುವಳು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು. ಒಬ್ಬನೇ ಹೇಳಿದ್ದನ್ನು ನಂಬಬಾರದು, ಆ ಒಬ್ಬ ನೀನೇ ಆದರೆ ಇನ್ನೂ ನಂಬಬಾರದು ಎಂದು ನಮಗೆ ಕಲಿಸಿದ್ದರು. ಆ ಪಾಠ ತಲೆಗೇರಿದ ದಿನಗಳಲ್ಲಿ ನನ್ನ ಕರಡಿಯನ್ನೂ ತನಿಖೆಗೆ ಹಾಕಿದ್ದೆ. ಅಷ್ಟು ಮಬ್ಬಿನಲ್ಲಿ ಎದೆಯ ಬಿಳಿ ಗುರುತು ಕಾಣುವುದು ಹೇಗೆ? ಅದು ಶಾಲೆಯ ಪುಸ್ತಕದ ಚಿತ್ರದಿಂದ ಬಂದು ಕೂತಿರಬೇಕು. ಹಲಸಿನ ತೊಳೆ ಅವ್ವನ ಮಾತಿನಿಂದ ಬಂದದ್ದು. ಹೀಗೆ ಒಂದೊಂದಾಗಿ ಕಳೆಯುತ್ತ ಹೋದರೂ ಬಿದಿರಿನ ಬುಡದ ಕಪ್ಪು ಮೈ ಮಾತ್ರ ಕದಲುತ್ತಿರಲಿಲ್ಲ. ಕೇಳಿದವರು ನಾಲ್ವರು, ನೋಡಿದವರು ಕನಿಷ್ಠ ಮೂವರು. ಸಾಕ್ಷಿ ಗಟ್ಟಿಯಿದೆ ಎಂದು ಅಲ್ಲಿಗೆ ಬಿಟ್ಟಿದ್ದೆ. ಅಕ್ಕ ಈ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದಳು ಎಂಬುದನ್ನು ಗಮನಿಸಿರಲಿಲ್ಲ.

ಟೆರೇಸಿನ ಮೇಲೆ ಆ ಕಲೆಯ ಎದುರು ಅಕ್ಕ ಬಹಳ ಹೊತ್ತು ಕೂತಳು. ಆಮೇಲೆ ಬೆರಳಿನಿಂದ ಅದರ ಅಂಚನ್ನು ಸವರಿ, "ಇದs ನೋಡಪಾ ನಿನ್ನ ಕರಡಿ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಡಬ್ಬಿ ನನ್ನ ಕೈಯಾಗಿತ್ತು. ಅವ್ವ ಚುರುಮುರಿಗೆ ಹಾಕು ಅಂದ್ಲು. ಜಾರಿ ಬಿತ್ತು. ಎಲ್ಲಾ ಎಣ್ಣಿ ನೆಲಕ್ಕ. ಅದಕ್ಕ ಚೀರಿದ್ದು ಅಕಿ. ಕರಡೀ ತೇಲ್, ಪುಟ್ಯಾ. ಕಾಡಿನ ಕರಡಿ ಅಲ್ಲ."

"ಮತ್ತ ಬಿದಿರ ಮೆಳಿ ಕಡೆ ನೋಡ್ರಿ ಅಂದ್ಲಲ್ಲ?"

"ಅಪ್ಪನ ಮಾರಿ ನೋಡಿ ಅಂದ್ಲು." ಅಕ್ಕ ಕಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ಎಲ್ಲೈತಿ ಅಂತ ಕೇಳಿದಾಗ ಹೆಂಗ ಆಗಿತ್ತು ಅಪ್ಪನ ಮಾರಿ, ನೆನಪೈತೇನು ನಿನಗ? ಅವ್ವ ನನ್ನ ಕಡೆ ಒಮ್ಮೆ ನೋಡಿದ್ಲು. ಅಷ್ಟs. ನಾ ಡಬ್ಬಿ ಅವ್ವನ ಸೀರಿ ಮರಿಗೆ ಇಟ್ಟೆ."

ಕಲಿತವನೆನ್ನುವ ನನಗೆ ಇದು ಹೊಳೆದಿರಲಿಲ್ಲ ಎಂದರೆ ನೀವು ನಗಬಹುದು. ಗಾಣದ ಕರಡಿ ಒಂದು ತಮಾಷೆಯಾಗಿ, ಅಣಶಿಯ ಕರಡಿ ಒಂದು ಘಟನೆಯಾಗಿ, ಎರಡೂ ನನ್ನೊಳಗೆ ಬೇರೆ ಬೇರೆ ಅಟ್ಟದ ಮೇಲಿದ್ದವು. ಅಕ್ಕನೂ ಒಬ್ಬಳೇ ಸಾಕ್ಷಿ, ಅವಳ ನೆನಪೂ ಸವೆದದ್ದೇ ಎಂದು ನನ್ನ ಅಭ್ಯಾಸ ಮೊದಲು ತಕರಾರು ತೆಗೆಯಿತು. ಆದರೆ ಇಬ್ಬರೂ ತಂಬನ್ನು ಮಡಚುತ್ತಿದ್ದಾಗ ಅದಕ್ಕಿಂತ ಗಟ್ಟಿಯಾದದ್ದೊಂದು ನೆನಪಾಯಿತು. ಅಣಶಿಯಿಂದ ಬಂದ ಮೇಲೆ ಅವ್ವ ಮನೆಯಲ್ಲಿ ಎಣ್ಣೆಗೆ ಕರಡಿ ಎಂದದ್ದೇ ಇಲ್ಲ. "ಕುಸುಬಿ ಎಣ್ಣಿ ತೀರೈತಿ," ಎನ್ನತೊಡಗಿದಳು. ನಾನು ಬಾಯಿ ತಪ್ಪಿ ಕರಡಿ ಎಂದರೆ, "ಊರ ಮಾತು ಬಿಡಬಾರದು, ಕುಸುಬಿ ಅನ್ನು," ಎಂದು ತಿದ್ದುತ್ತಿದ್ದಳು. ಮುಂಬಯಿಯಲ್ಲಿ ಹುಟ್ಟಿದ ಮಗನ ಕನ್ನಡ ಕೆಡಬಾರದೆಂಬ ಕಾಳಜಿ ಅದು ಎಂದುಕೊಂಡಿದ್ದೆ, ನಾಲ್ಕು ಕಡೆ ಹೆಮ್ಮೆಯಿಂದ ಹೇಳಿಯೂ ಇದ್ದೆ. ಉಳಿದ ಯಾವ ಮರಾಠಿ ಮಾತನ್ನೂ ಅವಳು ಮನೆಯಿಂದ ಹೊರಗೆ ಹಾಕಲಿಲ್ಲ. ಬಟಾಟೆ ಬಟಾಟೆಯಾಗಿಯೇ ಉಳಿಯಿತು. ಅಪ್ಪ ಅವಳ ಹೆಗಲ ಮೇಲೆ ಕೈಯಿಟ್ಟು ಅಂಗಡಿಗೆ ಹೋಗುತ್ತಿದ್ದ ದಿನಗಳಲ್ಲಂತೂ ಡಬ್ಬಿಯನ್ನು ಬೆರಳಿನಿಂದ ತೋರಿಸಿ "ಹೇ ದ್ಯಾ", ಇದನ್ನು ಕೊಡಿ, ಎಂದಷ್ಟೇ ಅನ್ನುವಳು. ಹೆಸರು ಹೇಳುತ್ತಿರಲಿಲ್ಲ. ಅಷ್ಟು ವರ್ಷ, ಅಷ್ಟು ಊಟ, ಒಂದು ಸಲವೂ ನಾಲಿಗೆ ಜಾರಲಿಲ್ಲ. ಕಾಡಿನೊಳಗೆ ಬಿಟ್ಟು ಬಂದ ಕರಡಿಯನ್ನು ಅವ್ವ ಹೀಗೆ ಕಾಯ್ದಳು.

"ಪಾಪ, ಅಪ್ಪಗ ಕಡೀತನ ಗೊತ್ತಾಗಲಿಲ್ಲ," ಎಂದಳು ಅಕ್ಕ, ತಂಬಿನ ತನ್ನ ತುದಿಯನ್ನು ಹಿಡಿದು ನನ್ನ ಕಡೆಗೆ ನಡೆದು ಬರುತ್ತ. ನಾವು ಸೀರೆ ಮಡಚುವ ಹಾಗೆ ಮಡಚುತ್ತಿದ್ದೆವು, ಅರ್ಧಕ್ಕೆ ಅರ್ಧ ಕೂಡಿಸಿ, ಮತ್ತೆ ಹಿಂದೆ ಸರಿದು. ಕಲೆ ಈಗ ನನ್ನ ಕೈಯಲ್ಲಿತ್ತು. ಅದು ಬಾಗಿಲ ಪರದೆಯ ಬಲ ಬದಿಗೆ, ಹಗ್ಗ ಕಟ್ಟುವ ಬಳೆಯ ಬುಡದಲ್ಲೇ ಇತ್ತು. ಅಪ್ಪ ಹಗ್ಗ ಬಿಗಿಯುತ್ತ ನಿಂತಿದ್ದ ಜಾಗ. ನಾನು ಅಕ್ಕನಿಗೆ ಮಣ್ಣು ಹಚ್ಚಿ ತಿಕ್ಕಿದ ಚಪ್ಪಲಿಗಳ ಮಾತು ಹೇಳಿದೆ. ಅವಳು ಅರ್ಧ ದಾರಿಯಲ್ಲಿ ನಿಂತಳು. ಗಾಣದ ಎಣ್ಣೆ ಇಡೀ ಡಬ್ಬಿಯಷ್ಟು ಕಾಲಡಿ ಹರಿದಾಗ, ಆ ವಾಸನೆಯಲ್ಲಿ ಹುಟ್ಟಿ ಬೆಳೆದವನಿಗೆ, ಕತ್ತಲಲ್ಲಿ ಕಣ್ಣಿಗಿಂತ ಮೂಗನ್ನೇ ನಂಬತೊಡಗಿದ್ದವನಿಗೆ, ಎಷ್ಟು ಹೊತ್ತು ಬೇಕು? "ಕಂಡ್ತು" ಎನ್ನುವಷ್ಟರೊಳಗೇ ಗೊತ್ತಾಗಿತ್ತೋ, ಅವ್ವ "ಹೋತು" ಎಂದ ಮೇಲೋ, ಬೆಳಿಗ್ಗೆ ನಲ್ಲಿಯ ಹತ್ತಿರವೋ, ಅದನ್ನು ನಾನು ಹೇಳಲಾರೆ. ಗೊತ್ತಾಗಿತ್ತು ಎಂಬುದನ್ನು ಹೇಳಬಲ್ಲೆ. ಹೊಳ್ಳಿ ಹೋಗಲು ಅವನಿಗೂ ಒಂದು ಪ್ರಾಣಿ ಬೇಕಿತ್ತು, ಅವಳು ತಂದುಕೊಟ್ಟಳು, ಅವನು ನೋಡಿದ.

ತಂಬನ್ನು ಯಾರು ಒಯ್ಯುವುದೆಂದು ನಾವು ಚರ್ಚಿಸಲಿಲ್ಲ. ಅಕ್ಕ ಅದನ್ನು ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಹೋದಳು, ಕಲೆಯ ಮಗ್ಗಲು ಒಳಗೆ ಮಾಡಿ. ಈಗ ಆ ಬಿಲ್ಡಿಂಗು ಇಲ್ಲ. ವಿರಾರ್ ಲೋಕಲ್ಲು ದಹಿಸರ್ ದಾಟುವಾಗ ನಮ್ಮ ಗ್ಯಾಲರಿ ಇದ್ದ ಎತ್ತರಕ್ಕೆ ಬರೀ ಆಕಾಶ ಕಾಣುತ್ತದೆ. ನಾನು ಎಲ್ಲವನ್ನೂ ಅನುಮಾನಿಸಿ ಬದುಕಿದವನು, ಆದರೆ ಈ ಒಂದನ್ನು ಬರೆದು ಕೊಡುತ್ತೇನೆ: ಆ ಸಂಜೆ ಅಣಶಿಯಲ್ಲಿ ಕರಡಿ ಬಂದಿತ್ತು, ಅದನ್ನು ಇಬ್ಬರು ನೋಡಿದ್ದರು. ನನ್ನ ಅಡುಗೆ ಮನೆಯಲ್ಲಿ ಇಂದಿಗೂ ಅದೇ ಎಣ್ಣೆ. ಬಾಣಲೆಗೆ ಸುರಿದು ಒಲೆ ಹೊತ್ತಿಸುತ್ತೇನೆ, ಮೊದಲು ಹಸಿ ಬೀಜದ ವಾಸನೆ ಏಳುತ್ತದೆ, ಆಮೇಲೆ ಹುರಿದ ವಾಸನೆ. ಈಗ ಇಲ್ಲದ ಆ ಗ್ಯಾಲರಿಯ ಕುರ್ಚಿಯಲ್ಲಿ ಅಪ್ಪ ಮುಖ ಎತ್ತುತ್ತಾನೆ. ಒಳಗೆ ಅವ್ವನಿಗೆ ಕೇಳುವಷ್ಟೇ ದನಿಯಲ್ಲಿ ಅನ್ನುತ್ತಾನೆ: "ಬಂತ ನೋಡು." ನಾವು ತಾಟು ಇಡಲು ಏಳುತ್ತೇವೆ. ಒಲೆಯ ಮುಂದೆ ಅವ್ವ ಒಂದು ಗಳಿಗೆ ಕೈ ತಡೆದು, ಏನೂ ಅನ್ನದೆ, ಮತ್ತೆ ಒಗ್ಗರಣೆ ಆಡಿಸುತ್ತಾಳೆ.